ಬಿರುಕು ಬಿಟ್ಟ ಹಲ್ಲಿನ ಅಂಟು

...ಬಾಯಿ ಮುಚ್ಚಬೇಡ ಗಿಣಿ, ಇನ್ನೂ ಆಗಿಲ್ಲ. ಹಲ್ಲಿನ ಕ್ಲಿಪ್ಪು ಕಳಚಿ ಬಂತು ಅಂತ ನಾಲಿಗೆ ಆಡಿಸಿ ನೋಡ್ತಿದೀಯಾ? ಒರಟಾಗಿದೆ, ಅಲ್ವಾ? ಅದು ಹಲ್ಲಲ್ಲ, ಅಂಟು. ಕ್ಲಿಪ್ಪು ಕೂರಿಸೋಕೆ ನಾನೇ ಹಚ್ಚಿದ್ದು. ಈಗ ಅದನ್ನ ತೆಗೆಯೋದೇ ನಿಜವಾದ ಕೆಲಸ. ಯಾಕೆ ನಗ್ತೀಯಾ? ದೊಡ್ಡಮ್ಮ ಪಾಠ ಶುರು ಮಾಡಿದಳು ಅಂತಾನಾ? ನಗು, ನಗು. ತುಟಿ ಮಾತ್ರ ಅಲ್ಲಾಡಿಸಬೇಡ.

ಕ್ಲಿಪ್ಪನ್ನ ನಾನು ಕೀಳಲಿಲ್ಲ, ನೋಡಿದೆಯಾ? ಇಕ್ಕಳದಲ್ಲಿ ಎರಡೂ ಕಡೆಯಿಂದ ಮೆಲ್ಲಗೆ ಅಮುಕಿದೆ, ತಾನಾಗೇ ಬಿಟ್ಕೊಂಡು ಬಂತು. ಜಗ್ಗಿ ಕಿತ್ರೆ ಅಂಟಿನ ಜೊತೆ ಎನಾಮಲ್ ಚೂರೂ ಎದ್ದು ಬರುತ್ತೆ. ಹಲ್ಲಿನ ಮೇಲಿನ ಗಟ್ಟಿ ಪದರ ಅದು. ಉಗುರು ಮುರಿದ್ರೆ ಬೆಳೆಯುತ್ತೆ, ಚರ್ಮ ತರಚಿದ್ರೆ ಮಾಯುತ್ತೆ. ಇದು ಹೋದ್ರೆ ಹೋಯ್ತು. ಅದಕ್ಕೇ ಅಂಟು ಹಲ್ಲಿನ ಮೇಲೇ ಉಳೀಲಿ ಅಂತ ಬಿಡ್ತೀವಿ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕೆರೆದು ತೆಗೀಬಹುದು.

ನೀರು ಯಾಕೆ ನಿಲ್ಲಿಸಿದೆ ಅಂತ ಕಣ್ಣಲ್ಲೇ ಕೇಳ್ತಿದೀಯಾ? ಒದ್ದೆ ಆದ್ರೆ ಅಂಟೂ ಹಲ್ಲೂ ಒಂದೇ ಥರ ಕಾಣುತ್ತೆ. ಒಣಗಿಸಿದ್ರೆ ಅಂಟು ಸುಣ್ಣದ ಹಾಗೆ ಮಂಕಾಗುತ್ತೆ, ಹಲ್ಲು ಹೊಳೆಯುತ್ತೆ. ಆ ಹೊಳಪು ಕಂಡ ತಕ್ಷಣ ಕೈ ನಿಲ್ಲಬೇಕು. ನಿಲ್ಲಬೇಕು...

ನೋವಾಯ್ತಾ? ಇಲ್ವಾ? ಮತ್ಯಾಕೆ ಕುರ್ಚೀನ ಹಾಗೆ ಗಟ್ಟಿಯಾಗಿ ಹಿಡ್ಕೊಂಡಿದೀಯಾ? ಬಾಗಿಲ ಕಡೆ ಏನು ನೋಡ್ತೀಯಾ? ನರ್ಸನ್ನ ನಾನೇ ಹೊರಗೆ ಕಳಿಸಿದೆ. ಮನೆಯವರೇ ಅಲ್ವಾ ನಾವು, ಮೂರನೆಯವರು ಯಾಕೆ ಅಂತ.

ನಿಮ್ಮಮ್ಮ ಫೋನ್ ಮಾಡಿದ್ದಳು. ಪಕ್ಕದ ರೂಮಿನ ಚಿಕ್ಕ ಡಾಕ್ಟರ ಹತ್ರ ತೆಗೆಸ್ಕೋ ಅಂದ್ರೆ ಊಟ ಬಿಟ್ಟು ಕೂತೆಯಂತೆ. ಹಾಕಿದ ಕೈಯೇ ತೆಗೀಬೇಕು ಅಂದೆಯಂತೆ. ನಾನೇನು ಹೇಳಲಿ? ಪುರುಸೊತ್ತಿಲ್ಲ ಅಂದೆ. ಬೆನ್ನು ನೋವು ಅಂದೆ. "ಅವಳು ಕಾಯ್ತಾಳಂತೆ ಕಣಕ್ಕಾ, ಯಾವಾಗ ಆದ್ರೂ ಸರಿ" ಅಂದಳು. ಅದಾದ ಮೇಲೆ ನನಗೆ ಬೇರೆ ನೆಪ ಸಿಗಲಿಲ್ಲ.

ನನ್ನ ಕೈನೇ ಯಾಕೆ ನೋಡ್ತೀಯಾ? ದೀಪ ನೋಡು, ದೀಪ. ಕಾಫಿ ಜಾಸ್ತಿ ಆಯ್ತು ಇವತ್ತು, ಅಷ್ಟೇ. ನಿದ್ದೇನೂ ಸರಿ ಬರಲಿಲ್ಲ. ಈ ಡ್ರಿಲ್ಲೂ ಹಳೇದು, ಅದೇ ನಡುಗುತ್ತೆ...

ಸರಿ. ಮಿಕ್ಕಿದ್ದೆಲ್ಲ ಆಯ್ತು. ಈ ಮುಂದುಗಡೆಯದು ಒಂದೇ ಬಾಕಿ. ಸೈಕಲ್ಲಿಂದ ಬಿದ್ದು ಬಿರುಕು ಬಿಟ್ಕೊಂಡಿದ್ದೆಯಲ್ಲ, ಅದೇ. ಕೂದಲೆಳೆಯಷ್ಟಿದೆ. ಅವತ್ತು ನಿಮ್ಮಮ್ಮ ನಿನ್ನ ಎತ್ಕೊಂಡು ಬರಿಗಾಲಲ್ಲಿ ಇಲ್ಲಿಗೇ ಓಡಿಬಂದಿದ್ದಳು. ಹಲ್ಲು ಉಳಿಯುತ್ತೆ, ಅಳಬೇಡ ಅಂದೆ. ಉಳೀತು. ಇಲ್ಲಿ ಮಾತ್ರ ಒಂದು ಚೂರೂ ಜಾಸ್ತಿ ಉಜ್ಜೋ ಹಾಗಿಲ್ಲ. ಉಸಿರು ಹಿಡ್ಕೋಬೇಡ ನೀನು, ಆರಾಮಾಗಿ ಇರು. ಗಲ್ಲದ ಮೇಲೆ ಬೆರಳೂರಿದೀನಿ...

ಅಯ್ಯೋ. ತುಟಿಗೆ ತಾಗಿತಾ? ತೋರಿಸು. ಏನಾಗಿಲ್ಲ. ಡ್ರಿಲ್ಲು ತಿರುಗ್ತಿರಲಿಲ್ಲ, ಪುಣ್ಯ.

ಇರು, ಇನ್ನೊಂದು ಸಲ. ಎಡಗೈಯಲ್ಲಿ ಮಣಿಕಟ್ಟು ಒತ್ತಿ ಹಿಡಿದ್ರೆ ಸರಿಹೋಗುತ್ತೆ. ಮೊದಲೆಲ್ಲ ಹಾಗೆ ಹಿಡಿದ್ರೆ ನಿಲ್ತಿತ್ತು. ಬೆಳಿಗ್ಗೆ ಹೊತ್ತು ಇಷ್ಟಿರಲ್ಲ, ಅದಕ್ಕೇ ಬೇಗ ಬಾ ಅಂದಿದ್ದು... ಇಲ್ಲ. ಬೇಡ.

ಎಲ್ಲ ಹೊರಗೆ ತೆಗೀತೀನಿ. ಹತ್ತಿ, ಪೈಪು. ಬಾಯಿ ಮುಕ್ಕಳಿಸು. ಉಗುಳು. ಹ್ಞಾ, ಈಗ ಮಾತಾಡು. ಏನಾದ್ರೂ ಹೇಳು. ಬೈಯೋದಿದ್ರೆ ಬೈ.

ಗಿಣಿ?

ಬಾಯಲ್ಲಿ ಈಗ ಏನೂ ಇಲ್ಲ ಕಣೇ. ಮಾತಾಡಬಹುದು ನೀನು.

...ನನ್ನ ಕೈ ಯಾಕೆ ಹಿಡ್ಕೊಂಡೆ? ನೀನು ಎರಡೂ ಕೈಯಲ್ಲಿ ಹಿಡಿದ್ರೂ ನಿಲ್ತಿಲ್ಲ, ನೋಡು.

ಕಾಫಿ ಅಲ್ಲ. ನಿದ್ದೇನೂ ಅಲ್ಲ. ನರದ ಡಾಕ್ಟರು ಮಾತ್ರೆ ಕೊಟ್ಟಿದಾರೆ. ಇದು ನಿಲ್ಲುತ್ತಾ ಅಂತ ಕೇಳಿದೆ. ಮುಂದಿನ ತಿಂಗಳು ಬನ್ನಿ ಅಂತ ಚೀಟಿ ಬರೆದು ಕೊಟ್ಟರು. ಬಂದವರನ್ನೆಲ್ಲ ಪಕ್ಕದ ರೂಮಿಗೇ ಕಳಿಸ್ತಿದೀನಿ ಈಗ. ನಿನ್ನ ಒಬ್ಬಳನ್ನ... ನಿನ್ನ ಒಬ್ಬಳನ್ನ ಕಳಿಸೋಕಾಗಲಿಲ್ಲ.

ಆ ಹಲ್ಲನ್ನ ನಾನು ಮುಟ್ಟಲ್ಲ. ಹೋಗು, ಚಿಕ್ಕ ಡಾಕ್ಟರನ್ನ ಕರ್ಕೊಂಡು ಬಾ. ಒಳಗೆ ಬಿರುಕಿದೆ, ನಿಧಾನ ಅಂತ ಹೇಳು. ಒಳ್ಳೇ ಕೈ ಅವರದು. ನಾನು ಇಲ್ಲೇ ಪಕ್ಕದಲ್ಲಿ ಕೂತು ನೋಡ್ತಿರ್ತೀನಿ.

ಹೋಗು ಅಂದ್ನಲ್ಲ... ಯಾಕೆ, ಇನ್ನೂ ಕೈ ಬಿಡ್ತಿಲ್ಲ?