ಅಮ್ಮ ಬೈಯದ ಸಾಲು

ಆಸ್ಪತ್ರೆಯ ವಾರ್ಡಿನ ಹೊರಗೆ ಸರದಿಗೆ ಕಾಯುತ್ತ ಕೂತಿದ್ದ ದರ್ಜಿಗೆ ಪರರ ಮಾತಿಗೆ ಕಿವಿಗೊಡುವ ಚಾಳಿಯೇನೂ ಇರಲಿಲ್ಲ. ಆದರೆ ಪಕ್ಕದ ಬೆಂಚಿನ ಅಣ್ಣ-ತಂಗಿ ಪಿಸುಗುಟ್ಟುತ್ತಲೂ ಇರಲಿಲ್ಲ.

“ಫ್ಯಾನಿನ ಜಾಹೀರಾತು ಬರೆದು ಮುಗೀತಾ?” ಅಣ್ಣ ಕೇಳಿದ.

“ಎಲ್ಲಿ ಮುಗಿಯುತ್ತೆ? ಒಂದು ಸಾಲೂ ಹುಟ್ತಿಲ್ಲ. ಆಫೀಸಲ್ಲಿ ರಜಾ ಹಾಕು, ಸುತ್ತಾಡ್ಕೊಂಡು ಬಾ ಅಂತಾರೆ.”

“ಮುಂಚೆ ಹಿಂಗೆ ತಲೆ ಓಡದೇ ಇದ್ದಾಗ ಏನ್ಮಾಡ್ತಿದ್ದೆ?”

“ಬಾಯಿಗೆ ಬಂದಿದ್ದು ಬರೆದು ಅಡುಗೆಮನೇಲಿ ಅಮ್ಮಂಗೆ ಓದ್ತಿದ್ದೆ. ‘ಇದನ್ನ ಕೇಳಿ ನಾನಂತೂ ಕೊಳ್ಳಲ್ಲ, ತಗೊಂಡ್ಹೋಗು’ ಅಂತಿದ್ರು. ಮೈಯೆಲ್ಲ ಉರೀತಿತ್ತು. ಆ ಸಿಟ್ಟಲ್ಲೇ ಇನ್ನೊಂದು ಬರೀತಿದ್ದೆ. ಅಮ್ಮ ಸುಮ್ಮನಿದ್ರೆ ಆ ಸಾಲು ಗೆದ್ದಂಗೆ.”

“ಈಗಲೂ ಓದು. ಅಮ್ಮಂಗೆ ಮಾತು ನಿಂತಿರೋದು ಅಷ್ಟೇ, ಕಿವಿ ಕೇಳುತ್ತಲ್ಲ.”

“ನಿನ್ನೆ ಓದ್ದೆ.”

“ಏನ್ಮಾಡಿದ್ರು?”

“ನಕ್ಕರು.”

“ಒಳ್ಳೇದೇ ಆಯ್ತಲ್ಲ.”

“ಆಮೇಲೆ ಬೇಕಂತಲೇ ತೀರಾ ಕೆಟ್ಟದ್ದೊಂದು ಓದ್ದೆ ಅಣ್ಣ. ಅದಕ್ಕೂ ನಕ್ಕರು.”

ಅಣ್ಣ ಚಪ್ಪಲಿಯ ತುದಿಯಿಂದ ನೆಲ ಕೆರೆದ. “ಬೇಕಾದ್ರೆ ನಂಗೆ ಓದು. ನಾನು ಬೈತೀನಿ.”

“ನಿಂಗೆ ಬೈಯೋಕೆ ಎಲ್ಲಿ ಬರುತ್ತೆ? ಚೆನ್ನಾಗಿದೆ ಅಂದ್ಬಿಡ್ತೀಯ.”

“ಹೂಂ,” ಅಂದ ಅಣ್ಣ.

ನರ್ಸ್ ಬಾಗಿಲು ತೆರೆದು ಕರೆದಳು. ಇಬ್ಬರೂ ಎದ್ದು ಒಳಹೋದರು. ಮಂಚದ ಮೇಲಿದ್ದ ಮುದುಕಿ ಮಗಳನ್ನು ನೋಡಿ ನಕ್ಕಳು, ಮಗನನ್ನು ನೋಡಿ ನಕ್ಕಳು, ಆಮೇಲೆ ಬಾಗಿಲಾಚೆ ಕೂತಿದ್ದ ದರ್ಜಿಯನ್ನು ನೋಡಿಯೂ ಅದೇ ನಗು ನಕ್ಕಳು.