ಮುರಿದ ಕೂರಿಗೆ

ಹಿಂಗಾರಿ ಬಿತ್ತನೆ ನಡೆದಿತ್ತು. ಕೊಟ್ಟೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ, ಈರುಳ್ಳಿ ಬೀಜ ಬಿತ್ತಲೆಂದೇ ಹೊಸ ಕೈಕೂರಿಗೆ ಕಂಡುಹಿಡಿದು ಮಾರುವ ಮರುಳಪ್ಪ ಕುಳಿತಿದ್ದರು. ಜೊತೆಗೆ ಅವರ ಹಳೆಯ ಶಿಷ್ಯೆ ಶಾಂಭವಿ, ಈಗ ಐಟಿಐ ಟೀಚರು.

“ಕೆಲ್ಸ ಬಿಡ್ತೀನ್ರಿ ಕಾಕಾ.”

“ಯಾಕವ್ವಾ?”

“ನೀವು ನನಗ ಕೊಟ್ಟಂಗ ಹುಡುಗ್ರಿಗೂ ಮುರದ ಕೂರಿಗಿ ಕೊಟ್ಟು, ನೀವ ರಿಪೇರಿ ಮಾಡ್ರಿ ಅಂದೆ. ಒಬ್ರೂ ಮುಟ್ಟವಲ್ರು. ಮೊಬೈಲ್‌ನ್ಯಾಗ ನೋಡ್ತೀವಿ ಅಂತಾರ.”

“ನನ್ನ ಗಿರಾಕಿಗಳೂ ಹಂಗ. ಬಿಚ್ಚಿ ಜೋಡ್ಸಾಕ ಬಂದ್ರ ಮಾತ್ರ ಮಾರ್ತೀನಿ ಅಂದ್ರ ಬೈತಾರ.”

“ಮತ್ತ?”

“ಮತ್ತೇನು, ನೀನೂ ಎಂಟು ದಿನ ಮುಟ್ಟಿದ್ದಿಲ್ಲ. ಗ್ವಾಡಿಗೆ ಒರಗಿ ಕುಂತು ಅತ್ತಿದ್ದಿ. ಇವ್ರಿಗೆ ಎಷ್ಟು ದಿನ ಆತು?”

“ಮೂರು.”

“ಇನ್ನೈದು ದಿನ ತಡಿ. ಆಗ್ಲೂ ಮುಟ್ಟಲಿಲ್ಲಂದ್ರ ಬಿಟ್ಟು ಬಾ, ನನ್ನ ಅಂಗಡಿ ನಡಸು. ನನಗೂ ವಯಸ್ಸಾತು.”

“ಐದು ದಿನ ನೋಡ್ತೀನ್ರಿ,” ಅಂದಳು ಶಾಂಭವಿ. ಮರುಳಪ್ಪನವರ ಚೀಲ ಎತ್ತಿಕೊಂಡು ಅವರು ಹತ್ತಬೇಕಿದ್ದ ಹರಪನಹಳ್ಳಿ ಬಸ್ಸಿನ ಕಡೆ ನಡೆದಳು.