ಬೆಚ್ಚಗಿದ್ದ ಪಾದ

೨೦೨೫ರ ಡಿಸೆಂಬರ್ ೧೭, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಕುರ್ಲಾ ಸ್ಟೇಷನ್ನಿನ ಹೊರಗೆ ಬಸ್ಸಿನ ಸಾಲಿನಲ್ಲಿದ್ದ ಭೌತಶಾಸ್ತ್ರದ ಅಧ್ಯಾಪಕಿ ಲಾವಣ್ಯಾಳಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ದೇವಕ್ಕನೆಂಬ ಹೆಂಗಸು, ತೀರಿಹೋದ ಗಂಡನ ಜೋಡಿ ಟ್ರಕ್ ಓಡಿಸುತ್ತಿದ್ದವನನ್ನು ಕೇಳುತ್ತಿದ್ದಳು.

“ನಾಡಿದ್ದ ಅಮಾಸಿ, ಕಾಶಿನಾಥ. ನಿಮ್ಮಣ್ಣಗ ವರ್ಷದ ಎಡಿ ಅವತ್ತ ಇಡ್ಲ್ಯೋ, ಮರುದಿನ ಪಾಡ್ಯಕ್ಕ ಇಡ್ಲ್ಯೋ?”

“ಹೆಂಗ ಹೇಳ್ಲಿ ವೈನಿ? ಹ್ವಾದ ವರ್ಷ ಅಮಾಸಿ ರಾತ್ರೆಲ್ಲಾ ಕಾಶ್ಮೀರದ ಘಾಟಿನ್ಯಾಗ ನಾ ಗಾಡಿ ಹೊಡ್ಯಾಕತ್ತಿದ್ದೆ. ಅಂವ ಸೀಟಿನ ಹಿಂದ ಮಲಗಿದ್ದ.”

“ಬೆಳಿಗ್ಗೆ ಚಾಕ್ಕ ನಿಂತಾಗ ಕಾಲು ಮುಟ್ಟಿದ್ದೆ ಅಂದಿದ್ದಿ.”

“ಮುಟ್ಟಿದ್ದೆ. ಬೆಚ್ಚಗಿತ್ತು. ಮಲಗ್ಲಿ ಬಿಡು ಅಂತ ಮುಂದ ಹೊಂಟೆ. ಮಧ್ಯಾಹ್ನ ಊಟಕ್ಕ ಎಬ್ಬಸಿದ್ರ ಏಳಲಿಲ್ಲ.”

“ಹಂಗಾರ ಬೆಳಿಗ್ಗೆ ಜೀವ ಇತ್ತು. ಪಾಡ್ಯ.”

“ಹಂಗ ಹೇಳಾಕ ಬರೂದಿಲ್ಲ. ಹೀಟರ್ ಹತ್ತಿತ್ತು, ಮ್ಯಾಲ ರಜಾಯಿ. ನನ್ನ ಕೈ ಹಿಮಕ್ಕ ಮರಗಟ್ಟಿತ್ತು. ಆ ಕೈಗೆ ಏನ್ ಮುಟ್ಟಿದ್ರೂ ಬೆಚ್ಚಗ.”

“ಹೀಟರ್ ಇಪ್ಪತ್ತರ ಮ್ಯಾಲ ಇಟ್ರ ಗಂಟಲ ಒಣಗತೈತಿ ಅಂತ ಇಬ್ರೂ ಅಂತಿದ್ರಿ. ಅವತ್ತ ಯಾಕ ಏರಿಸಿದಿ?”

“ನೀವ ಫೋನ್ ಮಾಡಿದ್ರಲ್ಲ. ಮುಂಬೈ ಚಳಿಗೇ ಸ್ವೆಟರ್ ಹಾಕೋ ಮನಷ್ಯಾ, ಅಲ್ಲಿ ಸೆಟದ ಹೋಗತಾನ, ಏರಸಪಾ ಅಂದ್ರಿ.”

ದೇವಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಆ ಪಾದದ ಬಿಸಿಯಿಂದ ಸಾವಿನ ವೇಳೆ ತಿಳಿಯದೆಂದು ಲಾವಣ್ಯಾಳಿಗೆ ಗೊತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಬಸ್ಸು ಬಂತು. ಸರಿದು ದಾರಿ ಬಿಟ್ಟ ಅವಳನ್ನು ದಾಟಿ ಅವರಿಬ್ಬರೂ ಮುಂದೆ ಹೋದರು.

“ಎರಡೂ ದಿನ ಎಡಿ ಇಡ್ತೀನಿ,” ಮೆಟ್ಟಿಲೇರುತ್ತ ದೇವಕ್ಕ ಅಂದಳು. “ಹೀಟರ್ ಎಷ್ಟಕ್ಕ ಏರಿಸಿದ್ದಿ?”

“ಮೂವತ್ತು ಡಿಗ್ರಿ.”